ಗಾಳಿಕೋಣೆಯ ಹಲಗೆಗಳು

ಕಸ್ತೂರಿ ಬಡಿಗೇರ ತನ್ನ ಹಲಗೆಯನ್ನು ಗಾಳಿಕೋಣೆಯಿಂದ ಹೊರತಂದು ಗೋಡೆಗೆ ಒರಗಿಸಿದಾಗ ಕುಂದಗೋಳ ಸರ್ ಏನೂ ಮಾತಾಡಲಿಲ್ಲ. ನೀಲಾಂಬಿಕೆಯ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಆಗಲೇ.

ಗದಗಿನ ಆ ಕಲಾಶಾಲೆಯ ಹುಡುಗ ಹುಡುಗಿಯರಿಗೆಲ್ಲ ಸರ್ ಅವರ ಬೈಗುಳ ಗೊತ್ತಿತ್ತು, ಅವರ ಹೊಗಳಿಕೆಯೂ ಗೊತ್ತಿತ್ತು. ಎರಡನ್ನೂ ಅವರು ಧಾರಾಳವಾಗಿ ಹಂಚುತ್ತಿದ್ದರು. ಆದರೆ ಯಾರದಾದರೂ ಚಿತ್ರದ ಮುಂದೆ ಅವರ ಬಾಯಿ ಕಟ್ಟಿದ್ದನ್ನು ನೀಲಾ ಕಂಡಿರಲಿಲ್ಲ. ಈಗ ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಪಕ್ಕದಲ್ಲೇ ಒರಗಿಸಿದ್ದ ನೀಲಾಳ ಹಲಗೆಯ ಮೇಲೆ ಅವರ ನೆರಳು ಬಿದ್ದಿತ್ತು. ಅದು ಅವರಿಗೆ ತಿಳಿಯಲೇ ಇಲ್ಲ.

ಅದು ಶುಕ್ರಗ್ರಹಕ್ಕೆ ಬಲೂನು ಹೋಗಿ ಮುಟ್ಟಿದ ವರ್ಷ. ಶುಕ್ರದ ನೆಲ ಕುಲುಮೆಯಂಥದು, ಅಲ್ಲಿ ಇಳಿದ ಯಂತ್ರ ಬಹಳ ಹೊತ್ತು ಬಾಳುವುದಿಲ್ಲ. ಆದರೆ ನೆಲದಿಂದ ಐವತ್ತೈದು ಕಿಲೋಮೀಟರು ಮೇಲೆ, ಮೋಡಗಳ ನಡುವೆ, ನಮ್ಮ ಬೇಸಿಗೆಯಷ್ಟೇ ಹಿತವಾದ ಒಂದು ಪದರವಿದೆ. ಅಲ್ಲಿ ಗಾಳಿ ಮಾತ್ರ ಹುಚ್ಚು ಹಿಡಿದಂತೆ ಓಡುತ್ತದೆ, ನಾಲ್ಕೈದು ದಿನಕ್ಕೊಮ್ಮೆ ಇಡೀ ಗ್ರಹವನ್ನು ಸುತ್ತಿ ಬರುತ್ತದೆ. ಆ ಗಾಳಿಯಲ್ಲಿ ತೇಲುತ್ತಿದ್ದ ಬಲೂನಿಗೆ ಕಾಗದದ ಮೇಲೆ ದೊಡ್ಡದೊಂದು ಸಂಸ್ಕೃತದ ಹೆಸರಿತ್ತು. ಕಪ್ಪತಗುಡ್ಡದ ಬುಡದಲ್ಲಿದ್ದ ಗ್ರಹವಾಯು ಕೇಂದ್ರದವರೆಲ್ಲ ಅದನ್ನು ಕರೆಯುತ್ತಿದ್ದದ್ದು, ಆ ಸೀಮೆಯಲ್ಲಿ ಮಕ್ಕಳ ಬಲೂನಿಗೆ ಅನ್ನುವಂತೆ, 'ಫುಗ್ಗಾ' ಅಂತ.

ಫುಗ್ಗಾ ತಾನು ಇದ್ದ ಜಾಗದ ಗಾಳಿಯನ್ನಷ್ಟೇ ಹೇಳಬಲ್ಲುದು. ಗ್ರಹದ ಸುತ್ತ ತಿರುಗುವ ಎರಡು ಉಪಗ್ರಹಗಳು ಮೇಲಿನಿಂದ ಕಂಡಷ್ಟನ್ನು ಹೇಳುತ್ತಿದ್ದವು. ನಡುವಿನದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಗಾಳಿಕೋಣೆ ಕಟ್ಟಿದ್ದರು. ದುಂಡನೆಯ ಕೋಣೆ, ಗೋಡೆಯ ಸುತ್ತ ಸಾಲು ಸಾಲು ಚಿಕ್ಕ ಫ್ಯಾನುಗಳು, ಕೆಳಗೆ ಬಿಸಿಯಾಗುವ ತಟ್ಟೆ. ಶುಕ್ರದಿಂದ ಬಂದ ಅಂಕಿಗಳು ನೇರವಾಗಿ ಆ ಫ್ಯಾನುಗಳಿಗೆ ಹೋಗುತ್ತಿದ್ದವು. ಗೊತ್ತಿದ್ದ ಗಾಳಿಯನ್ನು ಫ್ಯಾನುಗಳು ಬೀಸಿದರೆ, ಗೊತ್ತಿಲ್ಲದ್ದನ್ನು ಕೋಣೆಯೊಳಗಿನ ಗಾಳಿ ತಾನೇ ತುಂಬಿಕೊಳ್ಳುತ್ತಿತ್ತು. ಅದರೊಳಗೆ ಬಣ್ಣದ ಹುಡಿ ತೂರಿದರೆ ಸುಳಿಗಳು ಕಣ್ಣಿಗೆ ಕಾಣುತ್ತವೆ. ಅಂಟು ಬಳಿದ ಹಲಗೆಯನ್ನು ಸರಿಯಾದ ಎತ್ತರದಲ್ಲಿ ಸರಿಯಾದ ಹೊತ್ತಿಗೆ ಹಿಡಿದರೆ ಚಿತ್ರ ನಿಲ್ಲುತ್ತದೆ. ಯಾವ ಬಣ್ಣ, ಎಲ್ಲಿಂದ ತೂರಬೇಕು, ಯಾವಾಗ ಹಲಗೆ ಹಿಡಿಯಬೇಕು ಅನ್ನುವುದೆಲ್ಲ ಕೈಗೂ ಕಣ್ಣಿಗೂ ಬಿಟ್ಟದ್ದು. ಹಾಗಾಗಿ ಕೇಂದ್ರದವರು ಕಲಾಶಾಲೆಯ ಮಕ್ಕಳನ್ನು ಕರೆದಿದ್ದರು.

ಕರೆಸಿದ್ದು ನೀಲಾಳ ತಾಯಿ. ಡಾಕ್ಟರ್ ಗಿರಿಜಾ ಹೊಂಬಳ ಆ ಕೇಂದ್ರದ ಮುಖ್ಯಸ್ಥೆ. ಫುಗ್ಗಾ ಆಕೆಯ ಹನ್ನೆರಡು ವರ್ಷದ ಕನಸು. ನೀಲಾ ಬೆಳೆದದ್ದೇ ಆ ಕೋಣೆಯ ಹೊರಗೆ, ತಾಯಿಯ ಮೇಜಿನ ಕೆಳಗೆ. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದಳು. ಫ್ಯಾನುಗಳ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಶುಕ್ರದ ಗಾಳಿ ಹೇಗೆ ಬೀಸುತ್ತದೆ, ಧ್ರುವದ ಬಳಿ ಹೇಗೆ ಸುರುಳಿ ಸುತ್ತುತ್ತದೆ ಎಂದು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಆಕೆಗೆ ಗೊತ್ತಿತ್ತು. ಹಾಗಿದ್ದ ಮೇಲೆ ಗಾಳಿಕೋಣೆಯಲ್ಲಿ ತನ್ನನ್ನು ಮೀರಿಸುವವರು ಯಾರು ಅಂದುಕೊಂಡೇ ಆಕೆ ಒಳಗೆ ಕಾಲಿಟ್ಟಿದ್ದಳು.

ಕಸ್ತೂರಿ ಮುಂಡರಗಿಯವಳು. ಅಪ್ಪ ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆ ಹೆಸರು, ಹೂಬಳ್ಳಿ ಬರೆಯುವವನು. ಹಾಸ್ಟೆಲಿನಲ್ಲಿ ಇರುತ್ತಿದ್ದಳು, ಜೋರಾಗಿ ನಗುತ್ತಿದ್ದಳು, ಎಲ್ಲರ ಡಬ್ಬಿಯಿಂದಲೂ ಕೇಳದೆ ತಿನ್ನುತ್ತಿದ್ದಳು. ಶುಕ್ರ ಅಂದರೆ ಏನೆಂದು ಆಕೆಗೆ ಮೊದಲ ದಿನ ಗೊತ್ತಿದ್ದಂತೆ ಕಾಣಲಿಲ್ಲ. ಕೋಣೆಯ ಕಿಟಕಿಗೆ ಮೂಗು ಒತ್ತಿ ಬರೀ ನೋಡುತ್ತ ನಿಂತಿದ್ದಳು. ಹುಡಿ ತೂರುವ ಸರದಿ ಬಂದರೂ, "ಇನ್ನೊಂದೀಟು ನೋಡ್ತೀನ್ರಿ ಸರ್," ಎಂದು ಬೇರೆಯವರಿಗೆ ಬಿಟ್ಟುಕೊಟ್ಟಳು. ಆಮೇಲೆ ತೂರಿದಳು. ಆಗ ಆದದ್ದೇ ಆ ಹಲಗೆ.

ನೀಲಾಳ ಹಲಗೆಯಲ್ಲಿ ಎಲ್ಲವೂ ಸರಿಯಾಗಿತ್ತು. ಕಸ್ತೂರಿಯ ಹಲಗೆಯಲ್ಲಿ ಗಾಳಿ ಇತ್ತು.

*

ಅಷ್ಟಕ್ಕೇ ನಿಂತಿದ್ದರೆ ನೀಲಾ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ತಿಂಗಳು ಕಳೆದ ಮೇಲೆ ಕಸ್ತೂರಿ ತೆಗೆದ ಒಂದು ಹಲಗೆಯಲ್ಲಿ, ಹಳದಿ ಬಣ್ಣದ ಸುಳಿಗಳ ಮಧ್ಯೆ, ಬಿಲ್ಲಿನಂತೆ ಬಾಗಿದ ಒಂದು ಉದ್ದನೆಯ ಗೆರೆ ಮೂಡಿತು. ಮಿಕ್ಕ ಗಾಳಿಯೆಲ್ಲ ಓಡುತ್ತಿದ್ದರೂ ಆ ಬಿಲ್ಲು ಮಾತ್ರ ನಿಂತಲ್ಲೇ ನಿಂತಿತ್ತು. ಕಂಪ್ಯೂಟರಿನ ನಕಾಶೆಯಲ್ಲಿ ಅದರ ಸುಳಿವೇ ಇರಲಿಲ್ಲ.

ಗಿರಿಜಾ ಆ ಹಲಗೆಯ ಮುಂದೆ ಮೊಣಕಾಲೂರಿ ಕೂತಳು. "ಇದೇನ ಕಸ್ತೂರಿ? ನೀ ಬೇಕಂತ ಮಾಡಿದ್ದಾ?"

"ಇಲ್ರಿ ಮೇಡಮ್. ಅಲ್ಲಿ ಏನೋ ಅಡ್ಡ ನಿಂತಂಗ ಇತ್ರಿ. ಹುಡಿ ಅದನ್ನ ದಾಟವಲ್ದಾಗಿತ್ತು. ಹಂಗಾಗಿ ಆ ಕಡೆನ ಹಲಗಿ ಹಿಡಿದೆ."

ಆ ಜಾಗದ ಕೆಳಗೆ, ಶುಕ್ರದ ನೆಲದಲ್ಲಿ, ದೊಡ್ಡ ಎತ್ತರದ ಸೀಮೆಯೊಂದಿತ್ತು. ನೆಲದ ಗುಡ್ಡಕ್ಕೆ ಬಡಿದ ಗಾಳಿ ಅಲೆಯಾಗಿ ಮೇಲೇರಿ ಮೋಡದವರೆಗೂ ಮುಟ್ಟುತ್ತದೆ, ಅಲ್ಲಿ ಒಂದು ಪಕ್ಕ ಏರುಗಾಳಿ, ಇನ್ನೊಂದು ಪಕ್ಕ ಬಾವಿಗೆ ಬಿದ್ದಂತೆ ಇಳಿಗಾಳಿ. ಎರಡು ವಾರದ ನಂತರ ಆ ಜಾಗ ದಾಟುವಾಗ, ಕಸ್ತೂರಿಯ ಹಲಗೆಯಲ್ಲಿ ಬಿಲ್ಲು ಮೂಡಿದ್ದ ಕಡೆಯೇ ಫುಗ್ಗಾ ಅಲುಗಾಡಿತು, ಏರಿತು, ಇಳಿಯಿತು. ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ಬಿತ್ತು. ಅಂದಿನಿಂದ ಆ ಹಲಗೆ ಅಲ್ಲಿನ ಗೋಡೆಯ ಮೇಲೆ, ದೊಡ್ಡ ಪರದೆಯ ಪಕ್ಕದಲ್ಲಿ ನೇತಾಡಿತು. ಫುಗ್ಗಾವನ್ನು ಏರಿಸುವ ಇಳಿಸುವ ಯೂಸುಫ್ ಮುಲ್ಲಾ ಅನ್ನುವ ಎಂಜಿನಿಯರು ಕೂಡ ದಿನಾ ಬೆಳಿಗ್ಗೆ, "ಕಸ್ತೂರಿಬಾಯಿ, ಇವತ್ತಿನ ಹವಾ ಏನವಾ?" ಎಂದು ಕೇಳತೊಡಗಿದ.

ನೀಲಾ ಆ ಗೋಡೆಯನ್ನು ಎಳವೆಯಿಂದ ನೋಡಿದವಳು. ಆರನೆಯ ತರಗತಿಯಲ್ಲಿ ತಾನು ಬಿಡಿಸಿದ ಶುಕ್ರನ ಚಿತ್ರವನ್ನು ಅಲ್ಲಿ ಅಂಟಿಸು ಎಂದು ಆಕೆ ತಾಯಿಯನ್ನು ಕೇಳಿದ್ದಳು. "ಇದು ಆಫೀಸು ನೀಲಾ, ಇಲ್ಲಿ ಹಂಗೆಲ್ಲಾ ಅಂಟಿಸಾಕ ಬರೂದಿಲ್ಲ," ಅಂದಿದ್ದಳು ತಾಯಿ.

*

ಒಂದು ಭಾನುವಾರ ಗಿರಿಜಾ ಕಸ್ತೂರಿಯನ್ನು ಊಟಕ್ಕೆ ಕರೆದಳು. ಮನೆಯಲ್ಲಿ ಅಡುಗೆ ಯಾವಾಗಲೂ ಅಪ್ಪನದು. ಔಷಧಿ ಅಂಗಡಿಯಿಂದ ಬಂದವನೇ ರೊಟ್ಟಿ ಬಡಿಯುತ್ತಿದ್ದ. ಆ ದಿನ ಮಾತ್ರ ತಾಯಿ ಬೆಳಿಗ್ಗೆಯೇ ಎದ್ದು ಶೇಂಗಾ ಹೋಳಿಗೆಗೆ ಕೂತಿದ್ದಳು.

"ಏನ್ ವಿಶೇಷ?" ಎಂದಳು ನೀಲಾ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಏನಿಲ್ಲವಾ. ಹಾಸ್ಟೆಲ್ ಹುಡುಗಿ, ಹೊಟ್ಟಿ ತುಂಬ ಉಣ್ಲಿ ಅಂತ."

ಕಸ್ತೂರಿ ಹೊಟ್ಟೆ ತುಂಬ ಉಂಡಳು. ಉಣ್ಣುತ್ತ ಕೈ ಆಡಿಸುತ್ತ, ಧ್ರುವದ ಕಡೆಯ ಸುರುಳಿ ಎರಡು ಕಣ್ಣಿನಂತೆ ಕಾಣುತ್ತದೆ, ಒಂದು ಕಣ್ಣು ಮುಚ್ಚಿದಾಗ ಇನ್ನೊಂದು ತೆರೆಯುತ್ತದೆ ಎಂದೆಲ್ಲ ಹೇಳಿದಳು. ತಾಯಿ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಹೋಳಿಗೆ ತಟ್ಟೆಯಲ್ಲೇ ಆರಿತ್ತು. ತಾಯಿ ಯಾರ ಮಾತನ್ನಾದರೂ ಹೀಗೆ ಕೇಳಬಲ್ಲಳು ಎಂಬುದೇ ನೀಲಾಗೆ ಹೊಸ ಸುದ್ದಿ. ತನ್ನ ಚಿತ್ರ ತೋರಿಸಿದಾಗಲೆಲ್ಲ ತಾಯಿ ಒಮ್ಮೆ ನೋಡಿ "ಚಲೋ ಐತಿ" ಅನ್ನುತ್ತಿದ್ದಳು. ಅಷ್ಟೇ. ಪ್ರತಿ ಸಲವೂ ಅಷ್ಟೇ.

"ಇನ್ನೊಂದು ಹೋಳಿಗಿ ಹಾಕಲಾ?" ಎಂದು ಗಿರಿಜಾ ಕೇಳಿದಾಗ ಕಸ್ತೂರಿ ಮಾತಿನ ಗುಂಗಿನಲ್ಲೇ, "ಸಾಕವ್ವಾ," ಅಂದುಬಿಟ್ಟಳು. ಅಂದವಳು ನಾಲಿಗೆ ಕಚ್ಚಿಕೊಂಡು, "ತಪ್ಪಾತ್ರಿ ಮೇಡಮ್," ಎಂದು ನಕ್ಕಳು.

"ಇರ್ಲಿ ಬಿಡು, ಅದರಾಗೇನೈತಿ," ಅಂದಳು ಗಿರಿಜಾ. ಆಕೆಯ ಮುಖ ಕೆಂಪಾಗಿತ್ತು. ಖುಷಿಯಿಂದ.

ನೀಲಾ ಎದ್ದು ಕೈ ತೊಳೆದುಕೊಳ್ಳಲು ಹೋದಳು. ಬೇಕಾದ್ದಕ್ಕಿಂತ ಬಹಳ ಹೊತ್ತು ನಲ್ಲಿಯ ಕೆಳಗೆ ಕೈ ಹಿಡಿದಳು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಪ್ಪ ತಲೆಯೆತ್ತಿ ನೋಡಿದ.

"ಊಟ ಬಿಟ್ಟ ಎದ್ದೆಲ್ಲ?"

"ಹಸಿವಿಲ್ಲಪ್ಪ."

"ಆ ಹುಡುಗಿ ನಿನಗ ಸೇರೂದಿಲ್ಲೇನು?"

"ಹಂಗೇನಿಲ್ಲ," ಅಂದಳು. ಅಪ್ಪ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಆಕೆಗೆ ಅನ್ನಿಸಿದ್ದುಂಟು.

ಅಂದಿನಿಂದ ಆಕೆಯ ದಿನಗಳೆಲ್ಲ ಕಸ್ತೂರಿಯ ಸುತ್ತ ತಿರುಗತೊಡಗಿದವು. ಕಸ್ತೂರಿ ಯಾವ ಬಣ್ಣ ತಂದಳು, ತಾಯಿ ಆಕೆಯ ಹತ್ತಿರ ಎಷ್ಟು ಹೊತ್ತು ನಿಂತಳು, ಕಾರಿನಲ್ಲಿ ಹಾಸ್ಟೆಲಿನವರೆಗೆ ಬಿಟ್ಟುಬಂದಳೇ, ಬರುವಾಗ ಗುನುಗುತ್ತಿದ್ದಳೇ. ನೀಲಾ ಕಸ್ತೂರಿಯಂತೆ ಹುಡಿ ತೂರಿ ನೋಡಿದಳು. ಹಲಗೆ ಕಸ್ತೂರಿಯ ನಕಲಾಯಿತು. ಕಸ್ತೂರಿಯಂತಲ್ಲದೆ ತೂರಿದಳು, ಏನೂ ಆಗಲಿಲ್ಲ. ಕಸ್ತೂರಿ ಒಳ್ಳೆಯವಳಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಆಧಾರ ಹುಡುಕಿದಳು. ಅದೂ ಸರಿಯಾಗಿ ಸಿಗಲಿಲ್ಲ. ಕಸ್ತೂರಿ ಆಕೆಯ ಡಬ್ಬಿಯಿಂದ ತಿನ್ನುತ್ತಿದ್ದಳು, ತನ್ನ ಹಾಸ್ಟೆಲ್ ಚಿತ್ರಾನ್ನವನ್ನು ಆಕೆಯ ಕಡೆ ತಳ್ಳುತ್ತಿದ್ದಳು, "ನೀಲಾ, ಈ ಧ್ರುವದ ವಿಚಾರ ಒಂದೀಟು ತಿಳಿಸಿ ಹೇಳ, ನನಗ ತಲಿಗೆ ಹೋಗವಲ್ದು," ಎಂದು ಪಕ್ಕಕ್ಕೆ ಬಂದು ಕೂರುತ್ತಿದ್ದಳು.

*

ಫುಗ್ಗಾ ಮೋಡದ ತಳಕ್ಕೆ ಇಳಿಯಬೇಕು, ಅಲ್ಲಿನ ಮಬ್ಬಿನಲ್ಲಿ ತೇಲುವ ಕಣಗಳನ್ನು ಹೀರಿ ಪರೀಕ್ಷಿಸಬೇಕು. ಗಿರಿಜಾಳ ಹನ್ನೆರಡು ವರ್ಷದ ಪ್ರಶ್ನೆ ಅದೇ. ಆದರೆ ಇಳಿಯುವಾಗ ಇಳಿಗಾಳಿಗೆ ಸಿಕ್ಕರೆ ಅದು ಕುಲುಮೆಯ ಕಡೆಗೆ ಜಾರುತ್ತದೆ. ಬಲೂನಿನ ಪೊರೆ ಒಂದು ಮಿತಿಯವರೆಗೆ ಮಾತ್ರ ಕಾವು ತಡೆಯುತ್ತದೆ. ಮೇಲೆ ಬರಲು ಕೊನೆಯ ಉಪಾಯವೆಂದರೆ ಕಟ್ಟಿಕೊಂಡು ಹೋದ ತೂಕವನ್ನು ಕೆಡವುವುದು. ಒಮ್ಮೆ ಕೆಡವಿದ ತೂಕ ಮತ್ತೆ ಸಿಗುವುದಿಲ್ಲ, ಆಮೇಲೆ ಫುಗ್ಗಾ ಗಾಳಿ ಒಯ್ದಲ್ಲಿಗೆ ಹೋಗುವ ಹತ್ತಿಯಷ್ಟೇ.

ಎತ್ತರದ ಸೀಮೆಯ ಬಡಗಣ ಅಂಚಿನಲ್ಲಿ ಇಳಿಸುವುದೆಂದು ಯೋಚಿಸಿದ್ದರು. ಹಿಂದಿನ ದಿನ ಮಧ್ಯಾಹ್ನ ಕಸ್ತೂರಿ ಆ ಭಾಗದ ಹಲಗೆ ತೆಗೆಯಲು ಗಾಳಿಕೋಣೆ ಹೊಕ್ಕಳು. ನೀಲಾ ಹೊರಗೆ ತನ್ನ ಬಟ್ಟಲುಗಳನ್ನು ತೊಳೆಯುತ್ತಿದ್ದಳು.

ಆಗ ಆಕೆಗೆ ಕೇಳಿಸಿತು. ಫ್ಯಾನುಗಳ ಒಟ್ಟು ಗುಂಯ್‌ಗುಡುವ ಸದ್ದಿನಲ್ಲಿ ಒಂದು ಎಳೆ ಬರಿದಾಗಿತ್ತು. ಬಡಗಣ ಕಡೆಯ ಒಂದು ಫ್ಯಾನಿನ ಮೋಟಾರು ತಿರುಗುತ್ತಿತ್ತು, ರೆಕ್ಕೆ ತಿರುಗುತ್ತಿರಲಿಲ್ಲ. ರೆಕ್ಕೆ ಅಚ್ಚಿನಿಂದ ಸಡಿಲಾಗಿತ್ತು. ಚಿಕ್ಕವಳಿದ್ದಾಗ ಒಮ್ಮೆ ಹೀಗೇ ಆದದ್ದನ್ನು ಆಕೆ ಕೇಳಿದ್ದಳು. ಫಲಕದ ಮೇಲೆ ಎಲ್ಲ ದೀಪಗಳೂ ಹಸಿರಾಗಿದ್ದವು, ಏಕೆಂದರೆ ಫಲಕ ಎಣಿಸುವುದು ಮೋಟಾರಿನ ಸುತ್ತುಗಳನ್ನು.

ಹೇಳಬೇಕೆಂದು ಆಕೆ ಬಾಗಿಲವರೆಗೆ ನಡೆದಳು. ಕಿಟಕಿಯಲ್ಲಿ ಕಸ್ತೂರಿ ಕಾಣುತ್ತಿದ್ದಳು, ಕಣ್ಣು ಕಿರಿದಾಗಿಸಿ, ಉಸಿರು ಬಿಗಿಹಿಡಿದು, ಮುಷ್ಟಿಯಿಂದ ಕೆಂಪು ಹುಡಿ ಸುರಿಯುತ್ತ. ಆಕೆಯ ಹಿಂದೆ ತಾಯಿ ನಿಂತಿದ್ದಳು. ತಾಯಿಯ ಕೈ ಕಸ್ತೂರಿಯ ಬೆನ್ನ ಮೇಲಿತ್ತು.

ಒಂದು ಸಲ, ಒಂದೇ ಸಲ ಕಸ್ತೂರಿಯ ಹಲಗೆ ಸುಳ್ಳಾಗಲಿ ಎಂದು ನೀಲಾಗೆ ಅನ್ನಿಸಿತು. ಅವ್ವನ ಕಣ್ಣ ಮುಂದೆಯೇ ಆಗಲಿ. ಆಕೆ ತಿರುಗಿ ಬಂದು ಬಟ್ಟಲು ತೊಳೆಯುವುದನ್ನು ಮುಂದುವರಿಸಿದಳು. ಮಾರನೆಯ ದಿನ ಆ ಹಲಗೆಯನ್ನು ನೋಡಿ ಏನು ನಿರ್ಧಾರವಾಗಲಿದೆ ಎಂದು ಆಕೆಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಗೊತ್ತಿತ್ತು. ಅದರ ಕಡೆ ಮನಸ್ಸು ಹೋಗದಂತೆ ನೋಡಿಕೊಂಡಳು, ಅಷ್ಟೇ.

*

ಬೆಳಿಗ್ಗೆ ನಿಯಂತ್ರಣ ಕೊಠಡಿ ತುಂಬಿತ್ತು. ಕಲಾಶಾಲೆಯವರಿಗೂ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು.

"ಕಂಪ್ಯೂಟರ್ ಅರ್ಧಾ ಹೂಂ ಅಂತೈತಿ, ಅರ್ಧಾ ಉಹೂಂ ಅಂತೈತ್ರಿ ಮೇಡಮ್," ಅಂದ ಯೂಸುಫ್. "ಇಳಿಸಿದ್ರೂ ನಡೀತೈತಿ, ಮುಂದಿನ ಸುತ್ತಿಗೆ ಬಿಟ್ರೂ ನಡೀತೈತಿ."

"ಹಲಗಿ ಏನಂತೈತಿ ಕಸ್ತೂರಿ?"

ಕಸ್ತೂರಿ ಎದ್ದು ನಿಂತಳು. ಹಲಗೆಯ ಬಡಗಣ ಅಂಚಿನಲ್ಲಿ ಕೆಂಪು ಹುಡಿ ಸುಳಿಯಿಲ್ಲದೆ, ಅಲುಗದ ನೀರಿನಂತೆ ಹರಡಿತ್ತು. "ಶಾಂತ ಐತ್ರಿ. ಆದ್ರ..." ಆಕೆ ಹುಬ್ಬು ಗಂಟಿಕ್ಕಿದಳು. "ಒಂದೀಟು ಹೆಚ್ಚಽ ಶಾಂತ ಐತಿ ಅನ್ನಸ್ತೈತ್ರಿ ನನಗ. ಹಿಂಗ ನಾ ಒಮ್ಮೆನೂ ನೋಡಿಲ್ಲ."

"ಅಂಜಬ್ಯಾಡ. ನಿನ್ನ ಕಣ್ಣಿನ ಮ್ಯಾಲ ನನಗ ನಂಬಿಕಿ ಐತಿ," ಅಂದಳು ಗಿರಿಜಾ. "ಯೂಸುಫ್, ಇಳಸು."

ಯೂಸುಫ್ ಗುಂಡಿ ಒತ್ತಿದ. ಶುಕ್ರಕ್ಕೆ ಒಂದು ಮಾತು ಮುಟ್ಟಲು ಆ ದಿನಗಳಲ್ಲಿ ಎಂಟು ನಿಮಿಷ ಹಿಡಿಯುತ್ತಿತ್ತು, ಅಲ್ಲಿಂದ ಉತ್ತರ ಬರಲು ಮತ್ತಷ್ಟೇ. ಕೊಠಡಿಯಲ್ಲಿ ಚಹಾದ ಕಪ್ಪುಗಳು ಓಡಾಡಿದವು. ಕಸ್ತೂರಿ ಬಂದು ನೀಲಾಳ ಪಕ್ಕ ಕೂತಳು. ನೀಲಾಳ ಮುಂಗೈ ಹಿಡಿದುಕೊಂಡಳು.

"ನನಗ ಹೆದರಿಕಿ ಆಗಾಕತ್ತೈತಿ ಮಾರಾಯ್ತಿ," ಎಂದು ಪಿಸುಗುಟ್ಟಿದಳು.

ನೀಲಾಗೆ ಕೂರಲಾಗಲಿಲ್ಲ. ಎದ್ದಳು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು.

"ಅವ್ವಾ, ಆ ಹಲಗಿ ಸುಳ್ಳು. ಬಡಗಣ ಕಡಿಗಿನ ಫ್ಯಾನು ಬೀಸವಲ್ದಾಗಿತ್ತು. ಮೋಟಾರು ಅಷ್ಟಽ ತಿರಗಾಕತ್ತಿತ್ತು."

ಗಿರಿಜಾ ಆಕೆಯನ್ನೇ ನೋಡಿದಳು. "ನಿನಗ ಯಾವಾಗ ಗೊತ್ತಾತು?"

"ನಿನ್ನೆ. ಕಸ್ತೂರಿ ಒಳಗಿದ್ದಾಗನ."

ಕಸ್ತೂರಿಯ ಕೈ ಆಗಲೇ ಆಕೆಯ ಮುಂಗೈಯನ್ನು ಬಿಟ್ಟಿತ್ತು.

ತಾಯಿ ಕೂಗಾಡಲಿಲ್ಲ. ಒಂದು ಕ್ಷಣ ಮೇಜಿನ ಅಂಚನ್ನು ಹಿಡಿದು ನಿಂತಳು. "ಯೂಸುಫ್, ಮ್ಯಾಲೆ ಏರಾಕ ಹೇಳು. ತೂಕ ಪೂರಾ ಕೆಡವು."

"ಪೂರಾ ಅಂದ್ರ ಮೇಡಮ್, ಆಮ್ಯಾಲ ನಮ್ಮ ಕೈಯಾಗ ಏನೂ ಉಳಿಯೂದಿಲ್ರಿ."

"ಫುಗ್ಗಾ ಉಳೀಬೇಕಲ್ಲಪ್ಪ ಮೊದಲ. ಕೆಡವು."

ಎರಡನೆಯ ಆಜ್ಞೆ ಮೊದಲನೆಯದನ್ನು ಅಟ್ಟಿಕೊಂಡು ಹೋಯಿತು. ಆದರೆ ಎರಡೂ ಹೋಗುವುದು ಬೆಳಕಿನ ವೇಗದಲ್ಲೇ, ಬೆಳಕು ಬೆಳಕನ್ನು ಹಿಡಿಯಲಾರದು; ನೀಲಾ ಬಾಯಿ ಮುಚ್ಚಿಕೊಂಡಿದ್ದಷ್ಟು ಹೊತ್ತು ಫುಗ್ಗಾ ಇಳಿಯಲೇಬೇಕು. ಆಮೇಲೆ ಪರದೆಯ ಮೇಲೆ ಮೊದಲ ಅಂಕಿಗಳು ಬಂದವು. ಫುಗ್ಗಾ ಇಳಿಯುತ್ತಿತ್ತು, ಹೇಳಿದ್ದಕ್ಕಿಂತ ಜೋರಾಗಿ ಇಳಿಯುತ್ತಿತ್ತು. ಹಲಗೆಯ ಮೇಲೆ ನೀರಿನಂತೆ ಶಾಂತವಾಗಿದ್ದ ಜಾಗದಲ್ಲಿ ಇಳಿಗಾಳಿ ಬಾಯಿ ತೆರೆದು ಕೂತಿತ್ತು. ಕಾವಿನ ಗೆರೆ ಏರಿತು, ಇನ್ನೂ ಏರಿತು. ಪೊರೆ ತಡೆಯುವ ಮಿತಿಯ ಕೆಂಪು ಪಟ್ಟಿಗೆ ತಾಗಿತು. ಕೊಠಡಿಯಲ್ಲಿ ಯಾರೋ "ಯಪ್ಪಾ" ಅಂದರು. ನೀಲಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಯಾರೂ ಆಕೆಯನ್ನು ನೋಡುತ್ತಿರಲಿಲ್ಲ, ಆದರೂ ಎಲ್ಲರೂ ಆಕೆಯನ್ನೇ ನೋಡುತ್ತಿದ್ದಂತಿತ್ತು.

ಗೆರೆ ನಿಂತಿತು. ನಡುಗಿತು. ಮೆಲ್ಲಗೆ ಕೆಳಗೆ ಬಾಗಿತು.

"ಏರಾಕತ್ತೈತ್ರಿ," ಅಂದ ಯೂಸುಫ್. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಬ್ಬಿನ ಕಣಗಳ ಪರೀಕ್ಷೆ ಆಗಿರಲಿಲ್ಲ, ಇನ್ನು ಆಗುವುದೂ ಇಲ್ಲ. ಒಂದು ವರ್ಷ ತೇಲಬೇಕಿದ್ದ ಫುಗ್ಗಾ ಇನ್ನು ಕೆಲವು ವಾರ ತೇಲಿದರೆ ಪುಣ್ಯ. ಗಿರಿಜಾ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

*

ಕಸ್ತೂರಿ ನೀಲಾಳನ್ನು ಕೇಂದ್ರದ ಮೆಟ್ಟಿಲ ಮೇಲೆ ಹಿಡಿದಳು. ಗುಡ್ಡದ ಕಡೆಯಿಂದ ಗಾಳಿ ರೊಯ್ಯನೆ ಬೀಸುತ್ತಿತ್ತು, ಮಾತು ಕೂಗಿ ಆಡಬೇಕಿತ್ತು.

"ನನ್ನ ಹಲಗಿ ಒಡದು ಹಾಕಿದ್ರ ಸಿಟ್ಟ ಬರ್ತಿದ್ದಿಲ್ಲ ನನಗ. ಬಣ್ಣ ಚೆಲ್ಲಿದ್ರೂ ಬರ್ತಿದ್ದಿಲ್ಲ. ನನ್ನ ಕೈಲೆ ಸುಳ್ಳ ಹೇಳಿಸಿದಿ. ಅಷ್ಟ ಮಂದಿ ಮುಂದ ನಿಂತು ನಾ ಸುಳ್ಳ ಹೇಳಿದೆ. ಏನ್ ಬೇಕಿತ್ತು ನಿನಗ?"

"ಅವ್ವ ನಿನ್ನ ಹಲಗಿ ನೋಡಿದಂಗ ನಂದು ಒಮ್ಮೆನೂ ನೋಡಿಲ್ಲ."

"ಅದನ್ನ ಆಕಿಗೆ ಕೇಳಬೇಕಿತ್ತು!" ಕಸ್ತೂರಿಯ ಕಣ್ಣಲ್ಲಿ ನೀರು ತುಂಬಿತು, ಆಕೆ ಅದನ್ನು ಸಿಟ್ಟಿನಿಂದ ಒರೆಸಿಕೊಂಡಳು. "ನನಗ ಹೊಟ್ಟಿಕಿಚ್ಚ ಇಲ್ಲಂತ ತಿಳದಿ? ನೀ ಸಂಜಿಗೆ ಮನಿಗೆ ಹೋಗ್ತಿ. ಅವ್ವ ಇರ್ತಾಳ, ಅಪ್ಪ ರೊಟ್ಟಿ ಬಡೀತಾನ. ನಾ ದಿನಾ ಹಾಸ್ಟೆಲ್ ಗೇಟಿನ ಮುಂದ ಇಳದು ನಿಮ್ಮ ಕಾರು ಹೋಗೂದು ನೋಡ್ತೀನಿ. ನಾ ಏನಾರ ಕೆಡಸೀನೇನು ನಿಂದು?"

ಆಗಲೂ ನೀಲಾಳ ಒಳಗೆ ಸಣ್ಣಗೆ ಉರಿದದ್ದು ಏನೆಂದರೆ, ಸಿಟ್ಟಿನಲ್ಲಿ ಕೂಡ ಕಸ್ತೂರಿ ತನಗಿಂತ ನೇರವಾಗಿದ್ದಾಳಲ್ಲ ಎಂದು.

ಸಂಜೆ ತಾಯಿ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಹೇಳಿದಳು: "ನಾಳಿಂದ ನೀ ಕೇಂದ್ರದ ಒಳಗ ಕಾಲಿಡಬ್ಯಾಡ. ಇದನ್ನ ಮುಖ್ಯಸ್ಥೆಯಾಗಿ ಹೇಳಾಕತ್ತೀನಿ. ಕುಂದಗೋಳ ಸರ್‌ಗೂ ಹೇಳೀನಿ."

"ಹೂಂ."

ಅಪ್ಪ ರೊಟ್ಟಿ ಬಡಿಯಲು ಒಳಗೆ ಹೋದ. ತಾಯಿ ಹೊರಗಿನ ಕಟ್ಟೆಯ ಮೇಲೆ ಕೂತಳು. ನೀಲಾ ಬಾಗಿಲಿಗೆ ಒರಗಿ ನಿಂತೇ ಇದ್ದಳು.

"ಕಸ್ತೂರಿ ಬಂದು ಹೇಳಿದ್ಲು ನನಗ," ಅಂದಳು ತಾಯಿ. "ನೀ ಯಾಕ ಹಿಂಗ ಮಾಡಿದಿ ಅಂತ. ಖರೇನ ನಾ ನಿನ್ನ ಚಿತ್ರ ನೋಡಿಲ್ಲ?"

"ಚಲೋ ಐತಿ ಅಂತಿದ್ದಿ."

ತಾಯಿ ತಲೆ ತಗ್ಗಿಸಿದಳು. "ಆಕಿದು ನೋಡೂದು ಹಗುರ, ನೀಲಾ. ಆಕಿ ಹಲಗ್ಯಾಗ ಬರೇ ಶುಕ್ರ ಇರ್ತೈತಿ. ನಿಂದು ನೋಡಾಕ ಕೂತ್ರ ನಾನು ಮನ್ಯಾಗ ಇಲ್ಲದ ದಿನಾ ಎಲ್ಲಾ ಬಂದು ಮುಂದ ನಿಂದರ್ತಾವ. ಮೇಜಿನ ಬುಡಕ ಕೂಸಿನಂಗ ಮಲಗಿದ್ದಿ ನೀ. ಅದಕ್ಕ ಲಗೂನ ಚಲೋ ಐತಿ ಅಂದು ದಾಟಿಬಿಡ್ತಿದ್ದೆ." ಚಪ್ಪಲಿ ಕಳಚಿ ಬದಿಗಿಟ್ಟು, "ಒಳಗ ಅದಾವಲ್ಲ ನಿನ್ನ ಹಲಗಿ, ತಗೊಂಡ್ ಬಾ," ಅಂದಳು.

ನೀಲಾ ತಂದಳು. ತಾಯಿ ಒಂದೊಂದನ್ನೇ ಮಡಿಲಲ್ಲಿಟ್ಟು ನೋಡಿದಳು. ಕಸ್ತೂರಿಯ ಹಲಗೆಯನ್ನು ನೋಡಿದಷ್ಟೇ ಹೊತ್ತು ನೋಡಿದಳು, ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು.

"ಇದರಾಗ ಗಾಳಿ ಇಲ್ಲವಾ," ಅಂದಳು ತಾಯಿ ಕೊನೆಗೆ. "ನಾ ನಿನಗ ಹೇಳಿಕೊಟ್ಟದ್ದು ಅಷ್ಟಽ ಐತಿ. ನನಗ ತೋರಸಾಕಂತ ಮಾಡೀದಿ ಎಲ್ಲಾ."

ಅಷ್ಟು ನೋವಾಗುವ ಮಾತನ್ನು ತಾಯಿ ಆಕೆಗೆ ಹಿಂದೆಂದೂ ಆಡಿರಲಿಲ್ಲ. ನೀಲಾ ಕಟ್ಟೆಯ ಇನ್ನೊಂದು ತುದಿಗೆ ಕೂತು ಅತ್ತಳು. ತಾಯಿ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಹಲಗೆಗಳನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು.

*

ಫುಗ್ಗಾ ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚೇ ಬದುಕಿತು. ಹಿಡಿತ ತಪ್ಪಿದ ಮೇಲೆ ಅದು ಗಾಳಿಯ ಹಿಂದೆ ಹೋಗಿ, ಯಾರೂ ಕಳಿಸಲು ಧೈರ್ಯ ಮಾಡದಿದ್ದ ಧ್ರುವದ ಸುರುಳಿಯ ಅಂಚನ್ನು ಮುಟ್ಟಿತು. ಅಲ್ಲಿಂದ ಕೆಲವು ದಿನ ಸುದ್ದಿ ಕಳಿಸಿತು, ಆಮೇಲೆ ನಿಂತಿತು. ಸುದ್ದಿಯನ್ನು ಅಪ್ಪ ಮನೆಯಲ್ಲಿ ಹೇಳಿದ. ಗಿರಿಜಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಣಗಳ ಪ್ರಶ್ನೆಗೆ ಇನ್ನೊಂದು ಬಲೂನು ಬೇಕು. ಅದಕ್ಕೆ ಒಪ್ಪಿಗೆ ಸಿಗುತ್ತದೋ ಇಲ್ಲವೋ ಯಾರಿಗೂ ತಿಳಿಯದು.

ಕಲಾಶಾಲೆಯ ಪ್ರದರ್ಶನ ಬಸ್‌ಸ್ಟ್ಯಾಂಡಿನ ಹತ್ತಿರದ ಹಳೆಯ ಸಭಾಭವನದಲ್ಲಿ ನಡೆಯಿತು. ನೀಲಾಳದು ಅಲ್ಲಿ ಏನೂ ಇರಲಿಲ್ಲ. ಬರದಿರಲೂ ಆಗದೆ, ಕಡೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿರಬಹುದಾದ ಹೊತ್ತು ನೋಡಿ ಒಳಗೆ ಹೋದಳು. ನಟ್ಟನಡುವೆ ಕಸ್ತೂರಿಯ ದೊಡ್ಡ ಹಲಗೆ ಇತ್ತು. ಫುಗ್ಗಾದ ಕಡೆಯ ದಿನಗಳದು. ಬೂದಿ, ಹಳದಿ, ಅಲ್ಲಲ್ಲಿ ನೀಲಿ. ಧ್ರುವದ ಸುರುಳಿಯೊಳಗೆ ತೆಳ್ಳನೆಯ ಒಂದು ಬಿಳಿಯ ದಾರಿ ಹೊಕ್ಕು, ಸುತ್ತಿ, ಎಲ್ಲೋ ಇಲ್ಲವಾಗುತ್ತಿತ್ತು. ನೋಡುತ್ತಿದ್ದಂತೆ ನೀಲಾ ಇನ್ನೂ ಹತ್ತಿರ ಹೋದಳು. ಅದು ಅಷ್ಟು ಚೆನ್ನಾಗಿತ್ತು.

"ಇದು ಹೊಲದ ಚಿತ್ರ ಏನವಾ?"

ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಚೀಲ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನೆರಳಿಗೆ ಒಳಗೆ ಬಂದವಳಂತೆ ಕಂಡಳು.

"ಅಲ್ರಿ, ಬೆಳ್ಳಿಚುಕ್ಕಿ ಮ್ಯಾಲಿನ ಗಾಳಿರಿ."

"ಅಲ್ಲೂ ಗಾಳಿ ಬೀಸ್ತೈತ್ಯಾ?"

ನೀಲಾ ಹೇಳತೊಡಗಿದಳು. ಮೊದಲು ಒಂದೆರಡು ಮಾತು, ಆಮೇಲೆ ತಡೆಯದಂತೆ. ನಾಲ್ಕು ದಿನಕ್ಕೊಮ್ಮೆ ಲೋಕ ಸುತ್ತುವ ಗಾಳಿ, ಕೆಳಗಿನ ಕುಲುಮೆ, ಮೋಡದಲ್ಲಿ ತೇಲಿದ ಫುಗ್ಗಾ, ಈ ಸುರುಳಿಯೊಳಗೆ ಅದು ಹೊಕ್ಕ ದಾರಿ. ಹೆಂಗಸು ಚೀಲ ಕೆಳಗಿಟ್ಟು, ಸೆರಗು ಹೊದ್ದುಕೊಂಡು, ನೀಲಾಳ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತ ಕೇಳಿದಳು.

"ಮತ್ತ ಇಲ್ಲಿ ಗೆರಿ ನಿಂತೈತೆಲ್ಲ?"

"ಅಲ್ಲಿ ಅದು ಕಡೀ ಮಾತು ಹೇಳಿದ್ದುರಿ."

ಹೆಂಗಸು ಲೊಚ್ಚೆಂದಳು. ಯಾರದೋ ಮನೆಯ ಕೂಸಿನ ಸುದ್ದಿ ಕೇಳಿದಂತೆ ಆಕೆಯ ಮುಖ ಸಣ್ಣದಾಯಿತು. ಆಮೇಲೆ ನೀಲಾಳ ಗಲ್ಲ ಮುಟ್ಟಿ, "ಎಷ್ಟ ಚಂದ ಮಾಡೀಯಲ್ಲ ನನ್ನವ್ವ. ಇದು ನಿನ್ನ ಕೈಯಿಂದಽ ಬಂದದ್ದು ಹೌದಲ್ಲ?" ಅಂದಳು.

ಸಭಾಭವನದಲ್ಲಿ ಬೇರೆ ಯಾರೂ ಹತ್ತಿರ ಇರಲಿಲ್ಲ. ಈ ಹೆಂಗಸು ಇನ್ನರ್ಧ ಗಂಟೆಯಲ್ಲಿ ಬಸ್ಸು ಹತ್ತಿ ರೋಣಕ್ಕೋ ನರಗುಂದಕ್ಕೋ ಹೋಗುತ್ತಾಳೆ, ಮತ್ತೆಂದೂ ಸಿಗುವುದಿಲ್ಲ. ಒಂದು 'ಹೂಂ' ಅಂದರೆ ಯಾರಿಗೂ ಏನೂ ಕೆಡುವುದಿಲ್ಲ. ಆ ಹೂಂ ನೀಲಾಳ ಗಂಟಲಿನವರೆಗೂ ಬಂತು. ಯಾರೋ ತನ್ನನ್ನು ಹೀಗೆ ನೋಡಲಿ ಎಂದು ಆಕೆ ಎಷ್ಟು ವರ್ಷ ಕಾದಿದ್ದಳು.

ಭವನದ ಆಚೆ ತುದಿಯ ಬಾಗಿಲಲ್ಲಿ, ಊಟ ಮುಗಿಸಿ ಬಂದ ಕಸ್ತೂರಿ ನಿಂತಿದ್ದದ್ದು ಆಗ ಆಕೆಗೆ ಕಂಡಿತು. ಅಷ್ಟು ದೂರಕ್ಕೆ ಮಾತು ಕೇಳಿಸುವಂತಿರಲಿಲ್ಲ.

"ಅಲ್ರಿ," ಅಂದಳು ನೀಲಾ. "ಇದು ಕಸ್ತೂರಿ ಬಡಿಗೇರ ಅನ್ನಾಕಿ ಮಾಡಿದ್ದುರಿ. ಮುಂಡರಗಿಯಾಕಿ. ಅಲ್ಲಿ ಬಾಗಲದಾಗ ನಿಂತಾಳ ನೋಡ್ರಿ, ಆಕಿನ."

ಹೆಂಗಸು ಚೀಲ ಎತ್ತಿಕೊಂಡು ಬಾಗಿಲ ಕಡೆಗೆ ಹೋದಳು. ಕಸ್ತೂರಿಯ ಎರಡೂ ಕೈ ಹಿಡಿದುಕೊಂಡು ಏನೋ ಹೇಳತೊಡಗಿದಳು. ಕಸ್ತೂರಿ ಅವಳ ತಲೆಯ ಮೇಲಿಂದ ನೀಲಾಳ ಕಡೆಗೆ ನೋಡಿದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

ನೀಲಾಳ ಹೊಟ್ಟೆಯಲ್ಲಿ ಉರಿ ಹಾಗೆಯೇ ಇತ್ತು. ಆಕೆ ಒಂದು ಕುರ್ಚಿ ಎಳೆದುಕೊಂಡು, ಆ ಹಲಗೆಯ ಮುಂದೆ ಕೂತು, ಮೊದಲಿನಿಂದ ನೋಡತೊಡಗಿದಳು.